ಕಾರ್ಮೆಲ್ ಬೆಟ್ಟವೇರಿದ ಮೈಸೂರು ಸವಾರರು

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ಬಂದರನ್ನು ಗೆದ್ದ ಅಶ್ವಪಡೆಯಲ್ಲಿ ಮೈಸೂರಿನ ರೆಜಿಮೆಂಟೂ ಇತ್ತು. ನೂರು ವರ್ಷಗಳಲ್ಲಿ ಆ ಗೆಲುವಿನ ಸುತ್ತ ಅತಿಶಯದ ಮಾತುಗಳು ಬೆಳೆದವು, ಗೆದ್ದವರ ಹೆಸರುಗಳು ಮರೆಯಾದವು. ಯೋಧರಿಗೆ ಸಲ್ಲುವ ಮೊದಲ ಗೌರವ ಸತ್ಯವಾದ ದಾಖಲೆ!

ಆಗ್ನೇಯದಿಂದ ಹೈಫಾ ಪಟ್ಟಣಕ್ಕೆ ಬರುವ ದಾರಿಯು ಎಡಗಡೆ ಕಡಿದಾಗಿ ಎದ್ದು ನಿಂತ ಕಾರ್ಮೆಲ್ ಬೆಟ್ಟಕ್ಕೂ ಬಲಗಡೆ ಜೌಗು ನೆಲದಲ್ಲಿ ಹರಿಯುವ ಕಿಶೋನ್ ನದಿಗೂ ನಡುವೆ ಇಕ್ಕಟ್ಟಿನಲ್ಲಿ ಸಾಗುತ್ತದೆ. 1918ರ ಸೆಪ್ಟೆಂಬರ್ 23ರ ಬೆಳಿಗ್ಗೆ ಹತ್ತರ ವೇಳೆಗೆ ಬಲದ್ ಅಲ್ ಶೇಖ್ ಎಂಬ ಹಳ್ಳಿಯ ಬಳಿಗೆ ಬಂದ ಅಶ್ವಪಡೆಯ ಮೇಲೆ ಬೆಟ್ಟದ ನೆತ್ತಿಯಿಂದ ಒಟ್ಟೋಮನ್ ತುರ್ಕಿ ಪಕ್ಷದ ಫಿರಂಗಿಗಳೂ ಬೆಟ್ಟದ ಬುಡದಿಂದ ಮೆಷಿನ್‌ಗನ್‌ಗಳೂ ಗುಂಡು ಸುರಿಸತೊಡಗಿದವು.

ಹಿಂದಿನ ದಿನ ಇದೇ ದಾರಿಯಲ್ಲಿ ಶಸ್ತ್ರಸಜ್ಜಿತ ಮೋಟಾರು ವಾಹನಗಳೊಂದಿಗೆ ಬಂದಿದ್ದ ತುಕಡಿಯು ಅದೇ ಫಿರಂಗಿಗಳ ಹೊಡೆತಕ್ಕೆ ಹಿಮ್ಮೆಟ್ಟಿತ್ತು. ಮೋಟಾರುಗಳು ದಾಟಲಾರದ ದಾರಿಯನ್ನು ಈಗ ಕುದುರೆಗಳು ದಾಟಬೇಕಾಗಿತ್ತು. ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸದೆ ಅದು ಆಗುವ ಮಾತಾಗಿರಲಿಲ್ಲ.

ಆ ಹೊಣೆ ಮೈಸೂರು ಲ್ಯಾನ್ಸರ್ಸ್ ರೆಜಿಮೆಂಟಿನ ಒಂದು ಸ್ಕ್ವಾಡ್ರನ್ನಿಗೆ, ಅಂದರೆ ರೆಜಿಮೆಂಟಿನ ನಾಲ್ಕರಲ್ಲಿ ಒಂದು ಪಾಲಿನಷ್ಟಿದ್ದ ಸವಾರರ ತಂಡಕ್ಕೆ ಬಂತು. ಎರಡು ಮೆಷಿನ್‌ಗನ್‌ಗಳನ್ನು ಜೊತೆಗೆ ಸಾಗಿಸಿಕೊಂಡು, ಮೇಕೆಗಳು ಓಡಾಡುವಂಥ ಕಾಲುಹಾದಿಯಲ್ಲಿ ಅವರು ಬೆಟ್ಟವೇರತೊಡಗಿದರು. ಕಲ್ಲು ಹಾಸಿದ ಆ ಏರಿನಲ್ಲಿ ಕುದುರೆಗಳು ಒಂದೊಂದಾಗಿ ಕುಂಟಿ ಹಿಂದುಳಿದವು. ನೆತ್ತಿ ತಲುಪಿದಾಗ ಕುದುರೆ ಮೇಲೆ ಕುಳಿತು ನುಗ್ಗುವ ಸ್ಥಿತಿಯಲ್ಲಿದ್ದವರು ಕೆಲವೇ ಸವಾರರು. ಆದರೂ ಅವರು ಭರ್ಜಿ ನೀಡಿ ನುಗ್ಗಿದರು, ಫಿರಂಗಿ ನೆಲೆಯನ್ನು ಹಿಡಿದರು. ಅವರ ನೆರವಿಗೆ ಶರ್ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಅಶ್ವದಳದ ಒಂದು ಸ್ಕ್ವಾಡ್ರನ್ ಬೆಟ್ಟವೇರಿ ಬಂದಿತ್ತು.

ಪ್ರತಿವರ್ಷ ಸೆಪ್ಟೆಂಬರ್ 23 ಭಾರತೀಯ ಸೇನೆಯ ಅಶ್ವದಳಕ್ಕೆ ‘ಹೈಫಾ ದಿನ’. ಆ ದಿನದ ಭಾಷಣಗಳಲ್ಲಿ, ಬೆಟ್ಟದ ಕೆಳಗಿನ ಬಯಲಿನಲ್ಲಿ ನುಗ್ಗಿದ ಜೋಧಪುರ ಸಂಸ್ಥಾನದ ಸವಾರರ ಮಿಂಚಿನ ದಾಳಿಯ ವರ್ಣನೆ ಸಹಜವಾಗಿಯೇ ಮುಂದೆ ನಿಲ್ಲುತ್ತದೆ. ಆ ದಾಳಿಗೆ ದಾರಿ ತೆರೆದ ಬೆಟ್ಟದ ಮೇಲಿನ ಕೆಲಸ ಕರ್ನಾಟಕದಲ್ಲಿಯೂ ಹೆಚ್ಚು ಮಂದಿಗೆ ತಿಳಿದಿಲ್ಲ.

ಬೆಂಗಳೂರಿನಿಂದ ಸೂಯೆಜ್ ಕಾಲುವೆಗೆ

ಮೈಸೂರಿನ ಸವಾರರು ಪ್ಯಾಲೆಸ್ಟೀನಿಗೆ ಹೋದದ್ದು ಹೇಗೆ ಎಂಬುದನ್ನು ತಿಳಿಯಲು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಗೆ ಹೋಗಬೇಕು. 1881ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಒಡೆಯರ್ ಮನೆತನಕ್ಕೆ ಮರಳಿಸಿದಾಗ ರಾಜ್ಯದಲ್ಲಿ ಸಿಲ್ಲೆದಾರ ಸವಾರರ ಹಳೆಯ ಪಡೆಯೊಂದು ಉಳಿದಿತ್ತು. ಸವಾರನೇ ತನ್ನ ಕುದುರೆಯನ್ನೂ ಸಲಕರಣೆಯನ್ನೂ ಹೊಂದಿಸಿಕೊಂಡು ಸೇವೆಗೆ ಬರುವ, ಅದಕ್ಕೆ ತಕ್ಕ ಸಂಬಳವನ್ನು ಸರ್ಕಾರ ಕೊಡುವ ಪದ್ಧತಿಗೆ ಸಿಲ್ಲೆದಾರಿ ಎಂದು ಹೆಸರು.

1880ರ ದಶಕದ ಕೊನೆಯಲ್ಲಿ ಭಾರತ ಸರ್ಕಾರ ‘ಇಂಪೀರಿಯಲ್ ಸರ್ವಿಸ್’ ಯೋಜನೆಯನ್ನು ರೂಪಿಸಿತು. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ, ತಮ್ಮ ಅಧಿಕಾರಿಗಳ ಕೈಕೆಳಗೆ ಪಡೆಗಳನ್ನು ಸಾಕಿಕೊಂಡು, ಸಾಮ್ರಾಜ್ಯಕ್ಕೆ ಯುದ್ಧ ಒದಗಿದಾಗ ಕಳುಹಿಸಿಕೊಡಬೇಕೆಂಬುದು ಅದರ ಸಾರ. ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ, 1892ರಲ್ಲಿ, ಮೈಸೂರಿನ ಲ್ಯಾನ್ಸರ್ಸ್ ಈ ಯೋಜನೆಯಡಿ ರೂಪುಗೊಂಡಿತು. ಬೆಂಗಳೂರು ಅದರ ನೆಲೆಯಾಯಿತು. ಭರ್ಜಿ ಹಿಡಿದು ಕಾದುವ ಸವಾರನೇ ಲ್ಯಾನ್ಸರ್. ಆ ಭರ್ಜಿಯ ಜೊತೆಗೆ ಕತ್ತಿಯೂ ರೈಫಲ್ಲೂ ಅವನಿಗೆ ಇರುತ್ತಿದ್ದವು.

1914ರ ಆಗಸ್ಟಿನಲ್ಲಿ ಮಹಾಯುದ್ಧ ಆರಂಭವಾದಾಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಸಂಸ್ಥಾನವು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರೆಜಿಮೆಂಟು ಬೆಂಗಳೂರನ್ನು ಬಿಟ್ಟು ಈಜಿಪ್ಟಿನತ್ತ ಪಯಣ ಬೆಳೆಸಿತು. ಅದರ ಮುಖ್ಯಸ್ಥರು ಬಿ. ಚಾಮರಾಜ ಅರಸ್ ಅವರು. ಸವಾರರಲ್ಲಿ ದಖನ್ನಿನ ಮುಸ್ಲಿಮರು, ಮರಾಠರು ಮೊದಲಾಗಿ ಹಲವು ಸಮುದಾಯಗಳವರಿದ್ದರು.

ಈಜಿಪ್ಟಿನಲ್ಲಿ ಮೈಸೂರು, ಹೈದರಾಬಾದು, ಪಟಿಯಾಲಾ ಸಂಸ್ಥಾನಗಳ ಅಶ್ವದಳಗಳು ಸೇರಿ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವ ಬ್ರಿಗೇಡ್ ರಚನೆಯಾಯಿತು. ಬ್ರಿಗೇಡ್ ಎಂದರೆ ಸಾಮಾನ್ಯವಾಗಿ ಮೂರು ರೆಜಿಮೆಂಟುಗಳು ಒಬ್ಬ ದಳಪತಿಯ ಆಜ್ಞೆಯಲ್ಲಿ ಕೂಡಿ ಕಾದುವ ಪಡೆ. ಭಾವನಗರ, ಕಾಶ್ಮೀರ ಸಂಸ್ಥಾನಗಳ ಸಣ್ಣ ತುಕಡಿಗಳೂ ಇದರಲ್ಲಿದ್ದವು. ಸೂಯೆಜ್ ಕಾಲುವೆಯನ್ನು ತುರ್ಕರಿಂದ ಕಾಯುವುದೇ ಮೊದಲ ವರ್ಷಗಳಲ್ಲಿ ಇದರ ಕೆಲಸ; ಮರಳುಗಾಡಿನಲ್ಲಿ ನೀರಿನ ಲೆಕ್ಕ ಹಾಕುತ್ತ, ದಿಗಂತದಲ್ಲಿ ಏಳುವ ಧೂಳನ್ನು ಗಮನಿಸುತ್ತ ಮಾಡುವ ಗಸ್ತಿಗೆ ಯುದ್ಧದ ಇತಿಹಾಸಗಳು ಹೆಚ್ಚು ಪುಟಗಳನ್ನು ಕೊಟ್ಟಿಲ್ಲ.

1918ರಲ್ಲಿ ಫ್ರಾನ್ಸಿನ ರಣರಂಗದಿಂದ ಬಂದ ಜೋಧಪುರ ಲ್ಯಾನ್ಸರ್ಸ್ ಈ ಬ್ರಿಗೇಡನ್ನು ಸೇರಿತು. ಆ ವರ್ಷದ ಬೇಸಿಗೆಯನ್ನು ಬ್ರಿಗೇಡು ಕಳೆದದ್ದು ಸಮುದ್ರಮಟ್ಟಕ್ಕಿಂತ ಬಹು ಆಳದಲ್ಲಿರುವ, ಬಿಸಿಲು, ಧೂಳು ಮತ್ತು ಮಲೇರಿಯಾಗಳಿಗೆ ಹೆಸರಾದ ಜೋರ್ಡಾನ್ ಕಣಿವೆಯಲ್ಲಿ. ಜುಲೈ 14ರಂದು ಅಲ್ಲಿನ ನದಿಯ ಹಾಯ್ಗಡದ ಹತ್ತಿರ ಜೋಧಪುರ ಮತ್ತು ಮೈಸೂರಿನ ಸವಾರರು ಒಟ್ಟಾಗಿ ತುರ್ಕಿ ಅಶ್ವದಳದ ಮೇಲೆ ಬಿದ್ದು ಗೆದ್ದರು. ಹೈಫಾದಲ್ಲಿ ಕಂಡ ಪರಸ್ಪರ ನಂಬಿಕೆ ಆಗಲೇ ಬೆಳೆದಿತ್ತು.

ಹೈಫಾ ಏಕೆ ಬೇಕಾಗಿತ್ತು?

ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನೆಯ ಜನರಲ್ ಎಡ್ಮಂಡ್ ಅಲೆನ್‌ಬಿ ತುರ್ಕಿಯ ರಕ್ಷಣಾ ರೇಖೆಯನ್ನು ಮುರಿದು ತನ್ನ ಅಶ್ವಸೈನ್ಯವನ್ನು ಉತ್ತರಕ್ಕೆ ಬಿಟ್ಟನು. ಮೆಗಿಡ್ಡೋ ಕದನವೆಂದು ಹೆಸರಾದ ಈ ಕಾರ್ಯಾಚರಣೆಯಲ್ಲಿ ಸವಾರರು ಒಂದೆರಡು ದಿನಗಳಲ್ಲೇ ಕರಾವಳಿ ಬಯಲನ್ನು ದಾಟಿ, ಬೆಟ್ಟದ ಸಾಲನ್ನು ಹಾದು, ಶತ್ರುವಿನ ಬೆನ್ನ ಹಿಂದಿನ ನಜರೇತ್, ಅಫೂಲಾ ಪಟ್ಟಣಗಳನ್ನು ವಶಪಡಿಸಿಕೊಂಡರು.

ಸೈನ್ಯ ಮುಂದಕ್ಕೆ ಹೋದಂತೆಲ್ಲ ಅದರ ಆಹಾರ, ಮದ್ದುಗುಂಡು, ಕುದುರೆಗಳ ಮೇವು ದಕ್ಷಿಣದಿಂದ ಬರುವ ದಾರಿ ಉದ್ದವಾಗುತ್ತಲೇ ಹೋಯಿತು. ಹೈಫಾದಲ್ಲಿ ಹಡಗು ನಿಲ್ಲಬಹುದಾಗಿತ್ತು. ಅಲ್ಲಿಂದ ಅಫೂಲಾ ಮೂಲಕ ದೆರಾ ಎಂಬಲ್ಲಿ ಹಿಜಾಜ್ ರೈಲುಮಾರ್ಗವನ್ನು ಕೂಡುವ ಹಳಿಯೂ ಇತ್ತು. ಆ ಬಂದರು ಕೈಗೆ ಬಂದರೆ ಡಮಾಸ್ಕಸ್ಸಿನತ್ತ ಸಾಗುವ ಸೈನ್ಯಕ್ಕೆ ಸಮುದ್ರದಿಂದಲೇ ಸರಬರಾಜು ಸಾಧ್ಯವಿತ್ತು.

ಹಾಗಾಗಿ ಮೇಜರ್ ಜನರಲ್ ಹೆನ್ರಿ ಮ್ಯಾಕ್‌ಆಂಡ್ರೂ ಅವರ 5ನೆಯ ಅಶ್ವ ಡಿವಿಜನ್ನಿಗೆ ಕಡಲತೀರದ ಎರಡು ಪಟ್ಟಣಗಳನ್ನು ಹಿಡಿಯುವ ಆಜ್ಞೆಯಾಯಿತು. 13ನೆಯ ಬ್ರಿಗೇಡ್ ಆಕ್ರೆಯತ್ತ ಹೊರಟಿತು. ಬ್ರಿಗೇಡಿಯರ್ ಜನರಲ್ ಸಿರಿಲ್ ಹಾರ್ಬರ್ಡ್ ಅವರ 15ನೆಯ ಬ್ರಿಗೇಡ್ ಅಫೂಲಾದಿಂದ ನಸುಕಿನ ಐದು ಗಂಟೆಗೆ ಹೈಫಾದತ್ತ ಹೊರಟಿತು.

ಒಂದು ಗಂಟೆಯ ಕಾಳಗ

ಯೋಜನೆಯಲ್ಲಿ ಮೂರು ಭಾಗಗಳಿದ್ದವು. ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟವೇರಿ ಫಿರಂಗಿಗಳನ್ನು ಹಿಡಿಯಬೇಕು. ರೆಜಿಮೆಂಟಿನ ಉಳಿದ ಸವಾರರು ಕೆಳಗಿನಿಂದ ಗುಂಡು ಹಾರಿಸುತ್ತ ಶತ್ರುವಿನ ಗಮನವನ್ನು ಹಿಡಿದಿಡಬೇಕು. ಈ ಮರೆಯಲ್ಲಿ ಜೋಧಪುರ ಲ್ಯಾನ್ಸರ್ಸ್ ಬಯಲಿನಲ್ಲಿ ನುಗ್ಗಿ ಪಟ್ಟಣವನ್ನು ಪ್ರವೇಶಿಸಬೇಕು. ಇವರ ಬೆಂಬಲಕ್ಕೆ ಒಂದು ಫಿರಂಗಿ ಬ್ಯಾಟರಿಯೂ ಮೆಷಿನ್‌ಗನ್ ಸ್ಕ್ವಾಡ್ರನ್ನೂ ಇದ್ದವು.

ಮಧ್ಯಾಹ್ನ ಎರಡು ಗಂಟೆಗೆ ದಾಳಿ ಆರಂಭವಾಯಿತು. ಕಿಶೋನ್ ನದಿಯನ್ನು ದಾಟಿ ಬಲಗಡೆಯಿಂದ ಪಟ್ಟಣವನ್ನು ಮುಟ್ಟುವುದು ಜೋಧಪುರ ಸವಾರರ ಮೊದಲ ಉದ್ದೇಶವಾಗಿತ್ತು. ಆದರೆ ನೆಲವನ್ನು ಪರೀಕ್ಷಿಸಲು ಮುಂದೆ ಹೋದವರ ಕುದುರೆಗಳು ನದಿಯಂಚಿನ ಹುದುಲಿನಲ್ಲಿ ಹೂತುಹೋದವು. ಹಿಂದೆ ಬರುತ್ತಿದ್ದ ಇಡೀ ಸಾಲು ಮೆಷಿನ್‌ಗನ್‌ಗಳ ಗುರಿಯಲ್ಲಿ ಬಯಲಿನ ನಡುವೆ ಸಿಕ್ಕಿಕೊಳ್ಳುವ ಗಂಡಾಂತರ ಒದಗಿತು.

ಆ ಕ್ಷಣದಲ್ಲಿ ಸವಾರರು ಓಟವನ್ನು ನಿಲ್ಲಿಸದೆಯೇ ಎಡಕ್ಕೆ ತಿರುಗಿ, ಕಾರ್ಮೆಲ್ ಬೆಟ್ಟದ ಬುಡದಲ್ಲಿದ್ದ ಮೆಷಿನ್‌ಗನ್ ನೆಲೆಗಳ ಮೇಲೆಯೇ ಹಾಯ್ದುಹೋದರು. ಓಡುವ ಕುದುರೆಗಳ ಸಾಲನ್ನು ಗುಂಡಿನ ಮಳೆಯ ನಡುವೆ ಬೇರೆ ದಿಕ್ಕಿಗೆ ಹೊರಳಿಸುವುದು ವರ್ಷಗಳ ಕವಾಯತಿನಿಂದ ಮಾತ್ರ ಸಾಧ್ಯವಾಗುವ ಕೆಲಸ. ಹೈಫಾದ ಗೆಲುವು ನಿರ್ಧಾರವಾದದ್ದು ಅಲ್ಲಿಯೇ. ಈ ಹಂತದಲ್ಲಿ ಜೋಧಪುರದ ಮೇಜರ್ ದಲಪತ್ ಸಿಂಗ್ ಶೇಖಾವತ್ ಮಾರಣಾಂತಿಕವಾಗಿ ಗಾಯಗೊಂಡರು. ಕ್ಯಾಪ್ಟನ್ ಅಮನ್ ಸಿಂಗ್ ಜೋಧಾ ಮುಂದಾಳತ್ವ ವಹಿಸಿಕೊಂಡರು.

ದಾರಿ ತೆರೆಯುತ್ತಲೇ, ಅದುವರೆಗೆ ಗುಂಡಿನ ಬೆಂಬಲ ಕೊಡುತ್ತಿದ್ದ ಮೈಸೂರಿನ ಸವಾರರು ಕುದುರೆಯೇರಿ ಜೋಧಪುರದವರ ಹಿಂದೆಯೇ ಬೀದಿಗಳಿಗೆ ನುಗ್ಗಿದರು. ಮೂರು ಗಂಟೆಯ ಹೊತ್ತಿಗೆ ಹೈಫಾ ಪಟ್ಟಣ ವಶವಾಯಿತು. ಅದೇ ದಿನ ಆಕ್ರೆಯೂ ಕೈಸೇರಿತು. 1516ರಿಂದ, ಹತ್ತೊಂಬತ್ತನೆಯ ಶತಮಾನದ ಅಲ್ಪಕಾಲದ ಈಜಿಪ್ಟ್ ಆಡಳಿತವನ್ನು ಬಿಟ್ಟರೆ, ಆ ಕರಾವಳಿಯ ಮೇಲಿದ್ದ ಒಟ್ಟೋಮನ್ ಅಧಿಕಾರ ಅಲ್ಲಿಗೆ ಕೊನೆಗೊಂಡಿತು.

> ಹೈಫಾ: ದಾಖಲೆಯ ಲೆಕ್ಕ
>
> ◆ ಸೆರೆಸಿಕ್ಕವರು: 1,350 ಮಂದಿ, ಇವರಲ್ಲಿ 2 ಜರ್ಮನ್ ಮತ್ತು 35 ಒಟ್ಟೋಮನ್ ಅಧಿಕಾರಿಗಳು
>
> ◆ ವಶವಾದ ಫಿರಂಗಿಗಳು: 17, ಇವುಗಳಲ್ಲಿ 6 ಅಂಗುಲದ ಒಂದು ನೌಕಾ ಫಿರಂಗಿ
>
> ◆ ವಶವಾದ ಮೆಷಿನ್‌ಗನ್‌ಗಳು: 11
>
> ◆ ಬ್ರಿಗೇಡಿನ ನಷ್ಟ: 8 ಸಾವು, 34 ಗಾಯಾಳು
>
> ◆ ಕುದುರೆಗಳು: 60 ಸಾವು, 83 ಗಾಯ

ಎಂಟು ಸೈನಿಕರು, ಅರವತ್ತು ಕುದುರೆಗಳು: ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದಾಗ ಆ ಗಂಟೆಯ ಸ್ವರೂಪ ತಿಳಿಯುತ್ತದೆ. ಗುಂಡುಗಳನ್ನು ಹೆಚ್ಚಾಗಿ ಎದೆಗೊಟ್ಟು ತಾಳಿಕೊಂಡವು ಕುದುರೆಗಳು. ಅವುಗಳ ವೇಗವೇ ಸವಾರರ ರಕ್ಷೆಯಾಯಿತು. ನಿಂತಿದ್ದರೆ ಆ ಬಯಲಿನಲ್ಲಿ ಬ್ರಿಗೇಡಿನ ಬಹುಭಾಗ ನಾಶವಾಗುತ್ತಿತ್ತು.

ಹೈಫಾದ ನಂತರವೂ ಯುದ್ಧವಿತ್ತು

ಜನಪ್ರಿಯ ಕಥನಗಳು ಹೈಫಾದಲ್ಲಿ ನಿಂತುಬಿಡುತ್ತವೆ; ಸವಾರರಿಗೆ ಆ ಬಿಡುವು ಇರಲಿಲ್ಲ. ಅಲ್ಲಿಂದ ಡಮಾಸ್ಕಸ್ ದಾಟಿ ಉತ್ತರಕ್ಕೆ ಸಾಗಿದ ಬ್ರಿಗೇಡ್, ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ನಗರವನ್ನು ಹಾದು, ಹರಿತಾನ್ ಎಂಬ ಹಳ್ಳಿಯ ಬಳಿ ತುರ್ಕಿ ಸೈನ್ಯದ ಹಿಂಬದಿಯ ಕಾವಲು ಪಡೆಯನ್ನು ಎದುರಿಸಿತು. ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಮತ್ತೆ ಭರ್ಜಿ ಹಿಡಿದು ದಾಳಿ ಮಾಡಿದವು. ಎದುರಾಳಿಯ ಬಲ ನಿರೀಕ್ಷೆಗಿಂತ ಬಹಳ ಹೆಚ್ಚಾಗಿತ್ತು. ಬ್ರಿಗೇಡಿನ 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು, ಮೂವರು ಕಾಣೆಯಾದರು.

ನಾಲ್ಕು ದಿನಗಳ ನಂತರ, ಅಕ್ಟೋಬರ್ 30ರಂದು, ಮುದ್ರೋಸ್ ಎಂಬಲ್ಲಿ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು. ಹರಿತಾನಿನಲ್ಲಿ ಮಡಿದವರು ಆ ರಣರಂಗದ ಕೊನೆಯ ಕಾಳಗದಲ್ಲಿ ಪ್ರಾಣ ಕೊಟ್ಟವರು. ಹೈಫಾದಲ್ಲಿ ಸತ್ತವರಿಗಿಂತ ಅವರ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚು. ಅವರ ಹೆಸರಿನಲ್ಲಿ ಹೈಫಾ ದಿನದಂಥ ಪ್ರಸಿದ್ಧ ದಿನವೊಂದು ಇಲ್ಲ.

ಗುಂಡಿಗಿಂತ ಹೆಚ್ಚಾಗಿ ರೋಗ ಕೊಂದಿತು ಎಂಬುದನ್ನೂ ಇಲ್ಲಿ ಹೇಳಬೇಕು. ಜೋರ್ಡಾನ್ ಕಣಿವೆಯಲ್ಲಿ ಮೈಗೆ ಹತ್ತಿದ ಮಲೇರಿಯಾವೂ ಆ ವರ್ಷ ಲೋಕವನ್ನೇ ಆವರಿಸಿದ ಇನ್‌ಫ್ಲುಯೆಂಜಾ ಜ್ವರವೂ ಅಲೆನ್‌ಬಿಯ ಅಶ್ವಸೈನ್ಯವನ್ನು ಅಕ್ಟೋಬರಿನಲ್ಲಿ ಹಿಂಡಿಹಾಕಿದವು. ಆಸ್ಪತ್ರೆಯ ಮಂಚದ ಮೇಲೆ ಸತ್ತವನೂ ಊರು ಬಿಟ್ಟು ಬಂದ ಸೈನಿಕನೇ ಆಗಿದ್ದನು. ಸ್ಮರಣೆಯಲ್ಲಿ ಅವನ ಪಾಲು ಕಡಿಮೆಯಾಗಬಾರದು.

ಕಥೆ ಒಂದು, ದಾಖಲೆ ಇನ್ನೊಂದು

ಕಳೆದ ಕೆಲವು ವರ್ಷಗಳಲ್ಲಿ ಹೈಫಾದ ನೆನಪು ಭಾರತದಲ್ಲಿ ಮತ್ತೆ ಚಿಗುರಿದೆ. ಇದು ಸಂತೋಷದ ಸಂಗತಿ. ಆದರೆ ಇದರ ಜೊತೆಗೇ ಕೆಲವು ಮಾತುಗಳು ಪರಿಶೀಲನೆಯಿಲ್ಲದೆ ಬಾಯಿಂದ ಬಾಯಿಗೆ ಹರಡಿವೆ.

ಕೇವಲ ಕತ್ತಿ, ಭರ್ಜಿಗಳಿಂದಲೇ ಮೆಷಿನ್‌ಗನ್‌ಗಳನ್ನು ಗೆದ್ದರು ಎಂಬುದು ಮೊದಲನೆಯದು. ಬ್ರಿಗೇಡಿಗೆ ತನ್ನವೇ ಆದ ಮೆಷಿನ್‌ಗನ್‌ಗಳಿದ್ದವು, ಫಿರಂಗಿಗಳ ಬೆಂಬಲವೂ ಇತ್ತು. ಇವುಗಳನ್ನು ಬೆಟ್ಟ, ಬಯಲು, ವೇಗ ಇವೆಲ್ಲವುಗಳೊಂದಿಗೆ ಹೊಂದಿಸಿ ಬಳಸಿದ ಚಾತುರ್ಯವೇ ಗೆಲುವಿನ ಮೂಲ. ಕುರುಡು ಸಾಹಸದ ಕಥೆ ಹೇಳಿದಾಗ ಆ ಸೈನಿಕರ ಯುದ್ಧಕಲೆಯೇ ಮರೆಗೆ ಸರಿಯುತ್ತದೆ.

ಇದೇ ಜಗತ್ತಿನ ಕೊನೆಯ ಅಶ್ವದಾಳಿ ಎಂಬುದು ಎರಡನೆಯದು. ಒಂದು ತಿಂಗಳ ನಂತರ ಹರಿತಾನಿನಲ್ಲಿ ಇದೇ ಸವಾರರು ಮತ್ತೊಂದು ದಾಳಿ ಮಾಡಿದ್ದರಿಂದ ಈ ಮಾತು ನಿಲ್ಲುವುದಿಲ್ಲ. ಕೊನೆಯದೆಂಬ ಬಿರುದು ಅವರ ಇನ್ನೊಂದು ತ್ಯಾಗವನ್ನೇ ಅಳಿಸಿಹಾಕುತ್ತದೆ. ಬ್ರಿಟಿಷರ ಅಧಿಕೃತ ಯುದ್ಧ ಇತಿಹಾಸವು, ಈ ಪ್ರಮಾಣದ ಅಶ್ವದಾಳಿಗಳಲ್ಲಿ ಆ ಇಡೀ ರಣರಂಗದಲ್ಲಿಯೇ ಹೈಫಾದ ದಾಳಿಗಿಂತ ಗಮನಾರ್ಹವಾದುದು ನಡೆಯಲಿಲ್ಲವೆಂಬ ಅಭಿಪ್ರಾಯ ಕೊಟ್ಟಿದೆ. ಹೈಫಾದ ಹಿರಿಮೆಗೆ ಅಷ್ಟು ಸಾಕು.

ಮೂರನೆಯದು ಸಾವಿನ ಸಂಖ್ಯೆ. ಕಾಳಗದಲ್ಲಿ ನೂರಾರು ಭಾರತೀಯರು ಮಡಿದರೆಂಬ ಬರಹಗಳು ಪ್ರಚಾರದಲ್ಲಿವೆ. ದಾಖಲೆ ಹೇಳುವುದು ಎಂಟು. ತಮ್ಮವರನ್ನು ಇಷ್ಟು ಕಡಿಮೆ ನಷ್ಟದಲ್ಲಿ ಗೆಲುವಿಗೆ ಮುಟ್ಟಿಸಿದ್ದು ದಳಪತಿಗಳಿಗೆ ಹೆಮ್ಮೆ ತರುವ ಸಂಗತಿ. ಸಂಖ್ಯೆಯನ್ನು ಹಿಗ್ಗಿಸುವುದರಿಂದ ಆ ಎಂಟು ಮಂದಿಯ ಗೌರವ ಹೆಚ್ಚುವುದಿಲ್ಲ, ಗುಂಪಿನಲ್ಲಿ ಅವರ ಗುರುತೇ ಕಳೆದುಹೋಗುತ್ತದೆ.

ಇನ್ನು ಅವರು ಯಾರಿಗಾಗಿ ಹೋರಾಡಿದರು ಎಂಬ ಪ್ರಶ್ನೆ. ಇಂದು ಹೈಫಾ ಇರುವ ಇಸ್ರೇಲ್ ರಾಷ್ಟ್ರ ಹುಟ್ಟಿದ್ದು 1948ರಲ್ಲಿ, ಈ ಕಾಳಗ ನಡೆದು ಮೂವತ್ತು ವರ್ಷಗಳಾದ ಮೇಲೆ. ಸವಾರರು ಹೋದದ್ದು ತಮ್ಮ ಸಂಸ್ಥಾನದ ಆಜ್ಞೆಯ ಮೇರೆಗೆ, ಬ್ರಿಟಿಷ್ ಸಾಮ್ರಾಜ್ಯದ ಯುದ್ಧಕ್ಕೆ. ಎದುರಾಳಿ ತುರ್ಕಿಯ ಸುಲ್ತಾನ ಇಸ್ಲಾಂ ಜಗತ್ತಿನ ಖಲೀಫನೂ ಆಗಿದ್ದುದರಿಂದ ಬ್ರಿಗೇಡಿನ ಮುಸ್ಲಿಂ ಸವಾರರ ಮನಸ್ಸಿನ ತೊಳಲಾಟ ಸಣ್ಣದಾಗಿರಲಾರದು. ಅವರು ಕೊಟ್ಟ ಮಾತಿಗೆ ನಿಂತರು. ಸಾಮ್ರಾಜ್ಯವನ್ನು ಕೊಂಡಾಡದೆಯೂ ಈ ನಿಷ್ಠೆಯನ್ನು ಗೌರವಿಸಬಹುದು.

ಕಂಚು, ಕಲ್ಲು ಮತ್ತು ನೆನಪು

ದೆಹಲಿಯಲ್ಲಿ 1922ರಲ್ಲಿ ಮೂರು ಕಂಚಿನ ಪ್ರತಿಮೆಗಳ ಸ್ಮಾರಕ ಎದ್ದಿತು; ಅದರ ಎದುರು ಬಳಿಕ ಅಂದಿನ ಪ್ರಧಾನ ಸೇನಾಪತಿಯ ನಿವಾಸ ಬಂತು. ಹೈದರಾಬಾದು, ಜೋಧಪುರ, ಮೈಸೂರು ಲ್ಯಾನ್ಸರ್‌ಗಳನ್ನು ಪ್ರತಿನಿಧಿಸುವ ಆ ಸೈನಿಕ ಪ್ರತಿಮೆಗಳನ್ನು ರೂಪಿಸಿದವನು ಲಿಯೊನಾರ್ಡ್ ಜೆನ್ನಿಂಗ್ಸ್ ಎಂಬ ಬ್ರಿಟಿಷ್ ಶಿಲ್ಪಿ. ಸ್ವಾತಂತ್ರ್ಯಾನಂತರ ಆ ನಿವಾಸವು ಪಂಡಿತ್ ನೆಹರೂ ಅವರ ಮನೆಯಾಗಿ, ಮುಂದಿನ ಸ್ಮಾರಕದಿಂದಲೇ ‘ತೀನ್ ಮೂರ್ತಿ ಭವನ’ವೆಂದು ಹೆಸರಾಯಿತು. ಆ ಹೆಸರನ್ನು ದಿನವೂ ಹೇಳುವವರಲ್ಲಿ ಎಷ್ಟೋ ಮಂದಿಗೆ ಮೂವರಲ್ಲಿ ಒಬ್ಬ ಮೈಸೂರಿನವನೆಂಬುದು ತಿಳಿದಿಲ್ಲ.

2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಹೈಫಾದ ಭಾರತೀಯ ಸಮಾಧಿ ಭೂಮಿಗೆ ಭೇಟಿ ಕೊಟ್ಟರು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿಯ ಭೇಟಿಯ ಸಂದರ್ಭದಲ್ಲಿ ದೆಹಲಿಯಲ್ಲಿ ಆ ಸ್ಮಾರಕವಿರುವ ವೃತ್ತಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ್’ ಎಂದು ಮರುನಾಮಕರಣವಾಯಿತು. ಸೈನ್ಯದ ಪರಂಪರೆಯಲ್ಲಿ ನೆನಪು ಎಂದೂ ಕಡಿದುಹೋಗಿರಲಿಲ್ಲ: ಮೈಸೂರು ಸೇರಿದಂತೆ ಸಂಸ್ಥಾನಗಳ ಕುದುರೆ ದಳಗಳನ್ನು ಒಂದುಗೂಡಿಸಿ 1953ರಲ್ಲಿ ರಚಿಸಿದ 61ನೆಯ ಅಶ್ವದಳವು ಹೈಫಾ ದಿನವನ್ನು ಆಚರಿಸುತ್ತ ಬಂದಿದೆ.

> ನೆನಪಿನ ನೆಲೆಗಳು
>
> ಜೆ.ಸಿ. ನಗರ, ಬೆಂಗಳೂರು: ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ. ಮಹಾಯುದ್ಧದಲ್ಲಿ ಮಡಿದ ರೆಜಿಮೆಂಟಿನವರ ಹೆಸರುಗಳು ಇಲ್ಲಿವೆ.
>
> ತೀನ್ ಮೂರ್ತಿ, ದೆಹಲಿ: ಮೂರು ಸಂಸ್ಥಾನಗಳ ಲ್ಯಾನ್ಸರ್‌ಗಳ ಕಂಚಿನ ಪ್ರತಿಮೆಗಳು.
>
> ಹೈಫಾ ಭಾರತೀಯ ಸಮಾಧಿ ಭೂಮಿ: ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಾಲನೆಯಲ್ಲಿದೆ.
>
> ಹೀಲಿಯೊಪೊಲಿಸ್, ಕೈರೋ: ಈಜಿಪ್ಟ್, ಪ್ಯಾಲೆಸ್ಟೀನ್ ರಣರಂಗಗಳಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರ ಸ್ಮಾರಕ. ಸೂಯೆಜ್ ಕಾಲುವೆಯ ದಕ್ಷಿಣ ತುದಿಯಲ್ಲಿ 1926ರಲ್ಲಿ ಉದ್ಘಾಟನೆಯಾಗಿದ್ದ ಮೂಲ ಸ್ಮಾರಕವು ಈಜಿಪ್ಟ್ ಮತ್ತು ಇಸ್ರೇಲ್ ನಡುವಣ ಕದನಗಳಲ್ಲಿ ಹಾಳಾದುದರಿಂದ 1980ರಲ್ಲಿ ಇಲ್ಲಿ ಹೊಸದು ಸ್ಥಾಪನೆಯಾಯಿತು.

ಹೆಸರಿನ ಹಕ್ಕು

ಸ್ಮಾರಕ ಕಟ್ಟಿದ ಮಾತ್ರಕ್ಕೆ ಸ್ಮರಣೆಯ ಹೊಣೆ ತೀರುವುದಿಲ್ಲ. ಪ್ರತಿಯೊಬ್ಬ ಮೃತ ಸೈನಿಕನಿಗೂ ಪದವಿ, ಜಾತಿ, ಧರ್ಮಗಳ ಭೇದವಿಲ್ಲದೆ ಸಮಾನ ಗೌರವ ಸಲ್ಲಬೇಕೆಂಬ ತತ್ತ್ವದ ಮೇಲೆ 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗವೇ, ಆ ತತ್ತ್ವವು ಎಲ್ಲೆಡೆ ಪಾಲನೆಯಾಗಲಿಲ್ಲವೆಂದು 2021ರ ವರದಿಯಲ್ಲಿ ಒಪ್ಪಿಕೊಂಡಿತು.

ಭಾರತ, ಆಫ್ರಿಕಾ, ಈಜಿಪ್ಟ್ ಮೊದಲಾದ ನೆಲಗಳ 45,000ದಿಂದ 54,000ದಷ್ಟು ಮಂದಿಯ ಸ್ಮರಣೆ ಅಸಮಾನವಾಗಿ ನಡೆದಿತ್ತು. ಕನಿಷ್ಠ 1,16,000 ಮಂದಿ, ಬಹುಶಃ 3,50,000 ಮಂದಿಯವರೆಗೂ, ಹೆಸರಿನಿಂದ ನೆನಪಾಗದೆ ಅಥವಾ ನೆನಪೇ ಆಗದೆ ಉಳಿದಿದ್ದರು. ಯುರೋಪಿನ ಸೈನಿಕನಿಗೆ ಅವನದೇ ಹೆಸರಿನ ಕಲ್ಲು ಸಿಕ್ಕ ಕಾಲದಲ್ಲಿ, ಅನೇಕ ಕಡೆ ಇವರ ಪಾಲಿಗೆ ಉಳಿದದ್ದು ಪಡೆಯ ಹೆಸರು ಮತ್ತು ಒಂದು ಒಟ್ಟು ಸಂಖ್ಯೆ.

ಕನ್ನಡ ನಾಡಿಗೆ ಈ ಅನ್ಯಾಯದ ಭಾರ ಬೇಗ ಅರ್ಥವಾಗಬೇಕು. ಸತ್ತ ವೀರನ ಹೆಸರು, ಊರು, ಸತ್ತ ಕಾರಣಗಳನ್ನು ಕಲ್ಲಿನಲ್ಲಿ ಬರೆಯಿಸುವ ಪದ್ಧತಿ ಇಲ್ಲಿ ಸಾವಿರ ವರ್ಷಕ್ಕೂ ಹಳೆಯದು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನ. ಮಡಿದವನ ಕುಟುಂಬಕ್ಕೆ ಭೂಮಿ ಬಿಡುವ ‘ನೆತ್ತರುಗೊಡುಗೆ’ಯೂ ಆ ಪದ್ಧತಿಯ ಭಾಗ. ಹಸು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಈ ಗೌರವ ಸಿಗುತ್ತಿತ್ತು.

> ಪ್ರಾಣಿಗೂ ಕಲ್ಲು
>
> ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಕಾಲದ ಶಾಸನವು ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತದ್ದನ್ನು ದಾಖಲಿಸುತ್ತದೆ. ಗಂಗರ ಬೂತುಗನಿಂದ ಈ ನಾಯಿಯನ್ನು ಬೇಡಿ ಪಡೆದ ಮಣಲೆರನು ಅದರ ನೆನಪಿಗೆ ಕಲ್ಲು ನಿಲ್ಲಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಯಿಯ ಹೆಸರನ್ನೂ ಮರೆಯದ ನಾಡು, ಕಾರ್ಮೆಲ್ ಬೆಟ್ಟವೇರಿದ ಸವಾರರ ಹೆಸರುಗಳನ್ನು ಮರೆಯುವುದು ಸಲ್ಲದು. ಒಂದು ಸಣ್ಣ ಆಧಾರ ಇಂದಿಗೂ ಹಲವು ಮನೆಗಳಲ್ಲಿ ಇರಬಹುದು: ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಬ್ರಿಟಿಷ್ ಯುದ್ಧ ಪದಕ. ರೂಪಾಯಿಗಿಂತ ದೊಡ್ಡದಾದ ಆ ಬೆಳ್ಳಿ ಬಿಲ್ಲೆಯ ಒಂದು ಮೈಯಲ್ಲಿ ದೊರೆಯ ಮುಖ, ಇನ್ನೊಂದರಲ್ಲಿ ಕುದುರೆಯೇರಿದ ಪುರುಷ. ಪದಕವನ್ನು ಓರೆಯಾಗಿ ಹಿಡಿದು ಬೆಳಕಿಗೆ ತಿರುಗಿಸಿದರೆ ಅದರ ತೆಳು ಅಂಚಿನ ಸುತ್ತ ಸೈನಿಕನ ಸಂಖ್ಯೆ, ಪದವಿ, ಹೆಸರು, ರೆಜಿಮೆಂಟುಗಳ ಅಕ್ಷರಗಳು ಕಾಣುತ್ತವೆ.

ಪಡೆಯ ಜೊತೆಗೆ ಹೋದ ಕೂಲಿಯವರು, ಲಾಯದ ಆಳುಗಳು ಮೊದಲಾದ ಅನುಚರರಲ್ಲಿ ಅನೇಕರಿಗೆ ಇದೇ ಪದಕ ಕಂಚಿನಲ್ಲಿ ಸಿಕ್ಕಿತು. ಬೆಳ್ಳಿಯ ಪದಕಗಳು ಕಷ್ಟಕಾಲದಲ್ಲಿ ಅಕ್ಕಸಾಲೆಯ ಕುಲುಮೆಗೆ ಹೋಗುವ ಅಪಾಯ ಯಾವಾಗಲೂ ಇತ್ತು. ಹಾಗೆ ಕರಗಿದ ಒಂದೊಂದು ಪದಕದೊಂದಿಗೂ ಒಂದು ಹೆಸರಿನ ಆಧಾರ ಕರಗಿತು. ಉಳಿದವನ್ನಾದರೂ ಓದಿ ಬರೆದಿಡುವ ಕಾಲ ಇದು.

ಈ ಕೆಲಸಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಮನೆಯಲ್ಲಿ ಅಜ್ಜನ ಪದಕ, ಸೇವೆಯ ಪತ್ರ, ಭಾವಚಿತ್ರ ಇರುವ ಕುಟುಂಬಗಳು ಅವುಗಳನ್ನು ಇಟ್ಟುಕೊಂಡೇ ಪ್ರತಿಗಳನ್ನು ರಾಜ್ಯ ಪತ್ರಾಗಾರಕ್ಕೆ ತಲುಪಿಸಬಹುದು. ಪತ್ರಾಗಾರದಲ್ಲಿರುವ ಮೈಸೂರು ಸಂಸ್ಥಾನದ ಕಡತಗಳನ್ನೂ ಯುದ್ಧ ಸಮಾಧಿ ಆಯೋಗದ ಪಟ್ಟಿಗಳನ್ನೂ ಜೆ.ಸಿ. ನಗರದ ಸ್ತಂಭದ ಹೆಸರುಗಳನ್ನೂ ಒಂದರೊಡನೊಂದು ಹೋಲಿಸಿ, ಊರು ಮತ್ತು ತಂದೆಯ ಹೆಸರುಗಳೊಂದಿಗೆ ಮೈಸೂರು ಲ್ಯಾನ್ಸರ್ಸ್‌ನ ಸಂಪೂರ್ಣ ಕನ್ನಡ ಪಟ್ಟಿಯೊಂದನ್ನು ಸಿದ್ಧಪಡಿಸುವುದು ನಾಡಿನ ಇತಿಹಾಸ ವಿಭಾಗಗಳಿಗೆ ತಕ್ಕ ಕೆಲಸ.

ಕಾರ್ಮೆಲ್, ಹೈಫಾ, ಹರಿತಾನ್ ಎಂಬ ಮೂರು ಹೆಸರುಗಳು ಕರ್ನಾಟಕದ ಶಾಲಾ ಪಠ್ಯದಲ್ಲಿ ಒಂದು ಪುಟದಷ್ಟು ಜಾಗವನ್ನು ಪಡೆಯಲಿ. ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿರುವವರು ಜೆ.ಸಿ. ನಗರದ ಸ್ತಂಭದ ಬಳಿಗೆ ಹೋಗಲಿ, ಮಕ್ಕಳನ್ನು ಕರೆದುಕೊಂಡು ಹೋಗಲಿ, ಅಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಲಿ.